ಆನ್‌ಲೈನ್ ಡಿಗ್ರಿ ಸೇರೋ ಮುಂಚೆ: ದುಡ್ಡಿಗಿಂತ ಮೊದಲು ದಿನದ ಗಂಟೆ ಲೆಕ್ಕ ಹಾಕಿ

ಪಿಯುಸಿ ಫಲಿತಾಂಶ ಬಂತೆಂದರೆ ಬಸ್ ನಿಲ್ದಾಣದ ಕಾಂಪೌಂಡು, ಕರೆಂಟ್ ಕಂಬ, ವಾಟ್ಸ್‌ಆ್ಯಪ್ ಗ್ರೂಪು ಎಲ್ಲ ಕಡೆ ಒಂದೇ ಜಾಹೀರಾತು: 'ಮನೆಯಲ್ಲೇ ಕೂತು ಡಿಗ್ರಿ ಮಾಡಿ'. ಅಂಗಡಿ ನೋಡಿಕೊಳ್ಳುವ ಹುಡುಗರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವವರು, ಹಳ್ಳಿಯಿಂದ ಕಾಲೇಜಿಗೆ ಬಸ್ ಇಲ್ಲದವರು ಇದನ್ನು ನೋಡಿ ವಿಚಾರಿಸುತ್ತಾರೆ. ವಿಚಾರಿಸೋದು ಒಳ್ಳೆಯದೇ. ಆದರೆ ಬಹಳ ಮಂದಿ ಕೇಳೋ ಮೊದಲ ಪ್ರಶ್ನೆ 'ಫೀಸ್ ಎಷ್ಟು?' ಅಂತ. ಕೇಳಬೇಕಾದ ಮೊದಲ ಪ್ರಶ್ನೆ 'ದಿನಕ್ಕೆ ಎಷ್ಟು ಗಂಟೆ ಬೇಕು?' ಅನ್ನೋದು.

ಮೂರೂಕಾಲು ಗಂಟೆಯ ಲೆಕ್ಕ

ಮೂರು ವರ್ಷದ ಪದವಿಗೆ ಸುಮಾರು 120 ಕ್ರೆಡಿಟ್ ಇರುತ್ತದೆ. ಇಗ್ನೋದಂತಹ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ವಿಡಿಯೊ ಪಾಠ ನೋಡೋದು, ಪುಸ್ತಕ ಓದೋದು, ಅಸೈನ್‌ಮೆಂಟ್ ಬರೆಯೋದು ಎಲ್ಲ ಇದರಲ್ಲೇ ಸೇರಿದೆ. 120ನ್ನು 30ರಿಂದ ಗುಣಿಸಿದರೆ 3,600 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ಭಾನುವಾರ, ಹಬ್ಬ, ಜಾತ್ರೆ ಯಾವುದನ್ನೂ ಬಿಡದೆ ದಿನಕ್ಕೆ ಹತ್ತಿರಹತ್ತಿರ ಮೂರೂಕಾಲು ಗಂಟೆ.

ಕಾಲೇಜಿಗೆ ಹೋಗೋರಿಗೆ ಗಂಟೆ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಪಕ್ಕದ ಬೆಂಚಿನವರು ಎಬ್ಬಿಸುತ್ತಾರೆ. ಆನ್‌ಲೈನ್‌ನಲ್ಲಿ ಆ ಕೆಲಸವನ್ನೆಲ್ಲ ವಿದ್ಯಾರ್ಥಿ ತಾನೇ ಮಾಡ್ಕೋಬೇಕು. 'ಗಿರಾಕಿ ಇಲ್ಲದಾಗ ಗಲ್ಲಾ ಪೆಟ್ಟಿಗೆ ಹತ್ರ ಕೂತು ಓದ್ಕೊಳ್ತೀನಿ' ಅನ್ನೋ ಲೆಕ್ಕ ಮೊದಲ ತಿಂಗಳಲ್ಲೇ ತಪ್ಪುತ್ತದೆ. ಅಂಗಡಿ ತೆಗೆಯುವ ಮುಂಚೆ ಎರಡು ಗಂಟೆ, ಶಟರ್ ಎಳೆದ ಮೇಲೆ ಒಂದು ಗಂಟೆ ಅಂತ ಬರೆದು ಗೋಡೆಗೆ ಅಂಟಿಸಿ, ಮನೆಯವರಿಗೂ ಹೇಳಿಟ್ಟರೆ ಮಾತ್ರ ನಡೆಯುತ್ತದೆ.

ದುಡ್ಡು ಕಟ್ಟದೆ ಪರೀಕ್ಷಿಸಿ ನೋಡೋದು ಹೇಗೆ?

ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ 2017ರಿಂದ ಇದೆ. ಅದರಲ್ಲಿ ಪಾಠ ಕೇಳೋದಕ್ಕೆ ಶುಲ್ಕ ಇಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅನ್ನೋರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಜನವರಿ ಮತ್ತು ಜುಲೈ ಹೀಗೆ ವರ್ಷಕ್ಕೆ ಎರಡು ಸೆಮಿಸ್ಟರ್. ಇಷ್ಟದ ಒಂದು ವಿಷಯಕ್ಕೆ ಹೆಸರು ನೋಂದಾಯಿಸಿ, ನಾಲ್ಕು ವಾರ ಪಾಠ ಕೇಳಿ, ಅಸೈನ್‌ಮೆಂಟ್‌ಗಳನ್ನು ಕೊಟ್ಟ ದಿನಾಂಕದೊಳಗೆ ಸಲ್ಲಿಸಿ ನೋಡಿ. ನಾಲ್ಕು ವಾರವೂ ತಪ್ಪದೆ ಮಾಡಿದವರು ಧೈರ್ಯವಾಗಿ ಡಿಗ್ರಿಗೆ ಸೇರಬಹುದು. ಎರಡನೇ ವಾರಕ್ಕೇ ಬಿಟ್ಟವರು ಸಾವಿರಾರು ರೂಪಾಯಿ ಉಳಿಸಿಕೊಂಡರು ಅಂತಲೇ ತಿಳ್ಕೊಳ್ಳಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ನಾಲ್ಕು ವಾರ ಇನ್ನೂ ಮುಖ್ಯ. ಬಹುತೇಕ ಪಾಠಗಳು ಇಂಗ್ಲಿಷಿನಲ್ಲಿ ಇರುತ್ತವೆ. ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು ಅನ್ನೋದು ನಿಜ; ಆದರೆ ಒಂದು ಗಂಟೆಯ ಪಾಠ ಆಗ ಎರಡು ಗಂಟೆ ತಗೊಳ್ಳುತ್ತೆ. ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಮಾನ್ಯತೆ ನೋಡದೆ ಸೇರಬೇಡಿ

ಆನ್‌ಲೈನ್ ಮತ್ತು ದೂರ ಶಿಕ್ಷಣಕ್ಕೆ ಅನುಮತಿ ಕೊಡೋದು ಯುಜಿಸಿಯ ದೂರ ಶಿಕ್ಷಣ ಬ್ಯೂರೊ, ಅಂದರೆ ಡಿಇಬಿ. ಅದರ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ಇದ್ದರಷ್ಟೇ ಸಾಲದು. ಸೇರಬೇಕೆಂದಿರುವ ಕೋರ್ಸ್, ಸೇರುವ ಸಾಲು, ಮಾದರಿ ಆನ್‌ಲೈನೋ ದೂರ ಶಿಕ್ಷಣವೋ, ಈ ಮೂರೂ ಹೊಂದಬೇಕು.

ಇದು ಎಷ್ಟು ಮುಖ್ಯ ಅನ್ನೋದಕ್ಕೆ ರಾಜ್ಯದಲ್ಲೇ ಉದಾಹರಣೆ ಇದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿ ಬಂತು. ಆದರೆ ನಡುವಿನ ಸಾಲಿನಲ್ಲಿ ಸೇರಿದ್ದ ವಿದ್ಯಾರ್ಥಿಗಳು ಪದವಿಯ ಮಾನ್ಯತೆಗಾಗಿ ವರ್ಷಗಟ್ಟಲೆ ಅಲೆಯಬೇಕಾಯಿತು.

ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡೋದಕ್ಕೆ ಅವಕಾಶವೇ ಇಲ್ಲ. ಯಾರಾದರೂ 'ಆನ್‌ಲೈನ್ ನರ್ಸಿಂಗ್' ಅಂದರೆ ಅಲ್ಲಿಗೇ ಮಾತು ಮುಗಿಸಿ ಬನ್ನಿ. ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವಂತೆಯೂ ಇಲ್ಲ. ಹಾಗಾಗಿ ಶುಲ್ಕವನ್ನು ವಿಶ್ವವಿದ್ಯಾಲಯದ ಅಧಿಕೃತ ಪೋರ್ಟಲ್‌ನಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಏಜೆಂಟರ ಫೋನ್‌ಪೇ ನಂಬರಿಗೆ ಹಾಕಬೇಡಿ.

ದಾಖಲೆ: ಇನಿಷಿಯಲ್ ತಕರಾರು

2024–25ನೇ ಸಾಲಿನಿಂದ ಆನ್‌ಲೈನ್ ಅಥವಾ ದೂರ ಶಿಕ್ಷಣಕ್ಕೆ ಸೇರೋರಿಗೆ ಡಿಇಬಿ ಐಡಿ ಕಡ್ಡಾಯ. ಅದಕ್ಕೆ ಮೊದಲು 12 ಅಂಕಿಯ ಎಬಿಸಿ ಐಡಿ ಬೇಕು. ಇದನ್ನು ಡಿಜಿಲಾಕರ್‌ನಲ್ಲಿ ಆಧಾರ್ ಮೂಲಕ ಮಾಡ್ಕೊಳ್ಳಬಹುದು. ತೊಂದರೆ ಬರೋದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು. ಇಂಥವನ್ನು ಪ್ರವೇಶದ ಕೊನೆ ವಾರಕ್ಕೆ ಇಟ್ಟುಕೊಳ್ಳದೆ ಒಂದೆರಡು ತಿಂಗಳು ಮೊದಲೇ ಸರಿಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇರಲಿ. ಇಮೇಲ್ ವಿದ್ಯಾರ್ಥಿಯದೇ ಆಗಿರಲಿ. ಸೈಬರ್ ಸೆಂಟರ್‌ನವರು ಮಾಡಿಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ ಬರೆದಿಟ್ಟುಕೊಳ್ಳಿ.

ಫೋನ್ ಒಂದೇ ಸಾಕಾ?

ಪಾಠ ಕೇಳೋಕೆ ಸಾಕು. ಅಸೈನ್‌ಮೆಂಟ್ ಟೈಪ್ ಮಾಡೋಕೆ ಕಷ್ಟ. ಪರೀಕ್ಷೆಗೆ ಹಲವು ವಿಶ್ವವಿದ್ಯಾಲಯಗಳು ಕ್ಯಾಮೆರಾ ಇರುವ ಕಂಪ್ಯೂಟರನ್ನೇ ಕೇಳುತ್ತವೆ. ಕೆಲವು ಕೇಂದ್ರಕ್ಕೇ ಬಂದು ಬರೆಯಿರಿ ಅನ್ನುತ್ತವೆ. ಯಾವ ಊರಲ್ಲಿ ಕೇಂದ್ರ ಅನ್ನೋದನ್ನು ಸೇರುವ ಮೊದಲೇ ಕೇಳಿ. ಅಂಕಗಳಲ್ಲಿ ಕನಿಷ್ಠ ಶೇ 70 ಸೆಮಿಸ್ಟರ್ ಕೊನೆಯ ಪರೀಕ್ಷೆಗೇ ಇರೋದರಿಂದ, ಅಸೈನ್‌ಮೆಂಟ್ ಕೊಟ್ಟ ಮಾತ್ರಕ್ಕೆ ಪಾಸಾಗಲ್ಲ.

ಡೇಟಾ ವಿಷಯಕ್ಕೆ ಬಂದರೆ, ವಿಡಿಯೊವನ್ನು ಪೂರ್ತಿ ಸ್ಪಷ್ಟತೆಯಲ್ಲಿ ನೋಡಿದರೆ ಗಂಟೆಗೆ ಒಂದು ಜಿಬಿ ದಾಟಬಹುದು. ಅದನ್ನೇ 360ಕ್ಕೆ ಇಳಿಸಿದರೆ ಅದರ ಕಾಲುಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಪೇಟೆಗೆ ಬಂದಾಗ, ಸಿಗ್ನಲ್ ಚೆನ್ನಾಗಿರುವಲ್ಲಿ ಪಾಠ ಡೌನ್‌ಲೋಡ್ ಮಾಡಿಕೊಂಡರೆ ಕರೆಂಟ್ ಹೋದ ರಾತ್ರಿಯೂ ಓದಬಹುದು. ಸಲ್ಲಿಕೆಯ ಕೊನೆ ದಿನ ರಾತ್ರಿ 11 ಗಂಟೆಗೆ ಅಪ್‌ಲೋಡ್ ಮಾಡೋಕೆ ಕೂರಬೇಡಿ. ಎರಡು ದಿನ ಮೊದಲೇ ಹಾಕಿ, ಸಲ್ಲಿಕೆಯಾಗಿದೆ ಎಂಬ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಿ. ಮನೆಯಲ್ಲಿ ಗಲಾಟೆ ಇದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕಂಪ್ಯೂಟರ್, ಇಂಟರ್ನೆಟ್ ಇದೆಯಾ ಅಂತ ವಿಚಾರಿಸಿ.

ಮನೆಯವರು, ಮಾಲೀಕರು ಏನು ಮಾಡಬೇಕು?

ಮಗ ಮನೆಯಲ್ಲೇ ಇದ್ದಾನೆ ಅಂದರೆ ಖಾಲಿ ಇದ್ದಾನೆ ಅಂತ ಅರ್ಥ ಅಲ್ಲ. ಮಗಳು ಫೋನ್ ಹಿಡಿದಿದ್ದಾಳೆ ಅಂದರೆ ರೀಲ್ಸ್ ನೋಡ್ತಿದ್ದಾಳೆ ಅಂತಲೂ ಅಲ್ಲ. ಓದಿನ ಹೊತ್ತಿನಲ್ಲಿ ಕೆಲಸಕ್ಕೆ ಕರೆಯದಿರುವುದೇ ಮನೆಯವರು ಕೊಡಬಹುದಾದ ದೊಡ್ಡ ಸಹಾಯ. ಕೆಲಸದ ಹುಡುಗ ಡಿಗ್ರಿ ಓದುತ್ತಿದ್ದರೆ ಅಂಗಡಿ ಮಾಲೀಕರು ಪರೀಕ್ಷೆ ದಿನಾಂಕ ಮೊದಲೇ ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರೆ, ಹಬ್ಬದ ವ್ಯಾಪಾರದ ಸಮಯಕ್ಕೆ ಇಬ್ಬರಿಗೂ ತೊಂದರೆ ಆಗಲ್ಲ.

ಸರ್ಕಾರಿ ಕೆಲಸಕ್ಕೆ ನಡೆಯುತ್ತಾ?

ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ ಪಡೆದ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಅರ್ಜಿ ಹಾಕುವ ಹುದ್ದೆಯ ಅಧಿಸೂಚನೆಯಲ್ಲಿ ಯಾವ ಪದವಿ, ಯಾವ ವಿಷಯ ಕೇಳಿದ್ದಾರೆ ಅಂತ ಓದಿಕೊಂಡೇ ಕೋರ್ಸ್ ಆರಿಸಿಕೊಳ್ಳಿ.

ಸೇರುವ ಮುಂಚೆ ಒಮ್ಮೆ ನೋಡಿಕೊಳ್ಳಿ

• ದಿನಕ್ಕೆ ಮೂರು ಗಂಟೆ ಎಲ್ಲಿಂದ ಬರುತ್ತದೆ ಅಂತ ಬರೆದಾಗಿದೆಯೇ?
• ಸ್ವಯಂನಲ್ಲಿ ನಾಲ್ಕು ವಾರ ಓದಿ ನೋಡಿದ್ದೀರಾ?
• ಡಿಇಬಿ ಪಟ್ಟಿಯಲ್ಲಿ ಕೋರ್ಸ್, ಸಾಲು, ಮಾದರಿ ಮೂರೂ ಇವೆಯೇ?
• ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇದೆಯೇ?
• ಪರೀಕ್ಷೆ ಎಲ್ಲಿ, ಹೇಗೆ ಅನ್ನೋದು ಗೊತ್ತೇ?

ಐದಕ್ಕೂ 'ಹೌದು' ಅಂದವರು ಫೀಸ್ ವಿಚಾರಿಸಲು ಇದು ಸರಿಯಾದ ಹೊತ್ತು.