ನೈಟ್ರೊ ರೇಡಿಯೋ ನಿಯಂತ್ರಿತ ಟ್ರಕ್: ಉಪಕರಣಗಳು ಮತ್ತು ಮೊದಲ ಮಾರ್ಪಾಡುಗಳು

ನೈಟ್ರೊ ರೇಡಿಯೋ ನಿಯಂತ್ರಿತ ಟ್ರಕ್ ಎಂಬುದು ನೈಟ್ರೋಮೀಥೇನ್ ಬೆರೆಸಿದ ಮೆಥನಾಲ್ ಇಂಧನದಿಂದ ಓಡುವ, ರೇಡಿಯೋ ಸಂಕೇತಗಳ ಮೂಲಕ ದೂರದಿಂದ ನಿಯಂತ್ರಿಸಲ್ಪಡುವ ಮಾದರಿ ವಾಹನ. ಇವು ಹೆಚ್ಚಾಗಿ 1:10 ಮತ್ತು 1:8 ಪ್ರಮಾಣಗಳಲ್ಲಿ ದೊರೆಯುತ್ತವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಟ್ರ್ಯಾಕ್ಸಸ್ ಸಂಸ್ಥೆಯು 1999ರಲ್ಲಿ ಹೊರತಂದ ಟಿ-ಮ್ಯಾಕ್ಸ್ ಈ ವರ್ಗದ ಪ್ರಸಿದ್ಧ ಮಾದರಿ. ನಾಲ್ಕು ಚಕ್ರಗಳಿಗೂ ಚಾಲನೆ, ಎರಡು ವೇಗದ ಗೇರ್ ವ್ಯವಸ್ಥೆ ಮತ್ತು ಹಿಮ್ಮುಖ ಚಲನೆ ಅದರ ವೈಶಿಷ್ಟ್ಯಗಳಾಗಿದ್ದವು.

ಇಂದು ಹೆಚ್ಚಿನ ಟ್ರಕ್‌ಗಳು ಜೋಡಿಸಿದ ಸ್ಥಿತಿಯಲ್ಲೇ ಮಾರಾಟವಾಗುತ್ತವೆ. ಆದರೆ ನಿರ್ವಹಣೆಗೆ ಬೇಕಾದ ಸಲಕರಣೆಗಳಲ್ಲಿ ಬಹುಪಾಲನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಹೊಸಬರು ಮೊದಲು ಹಣ ಸುರಿಯುವುದು ಹೊಳೆಯುವ ಅಲ್ಯೂಮಿನಿಯಂ ಭಾಗಗಳ ಮೇಲೆ. ಹೊಸ ಟ್ರಕ್ಕನ್ನು ಹಾಳುಮಾಡುವ ಕಾರಣಗಳಾದರೋ ಬೇರೆಯೇ: ಇಂಧನ ಸಾಲದೆ ಅತಿಯಾಗಿ ಕಾದ ಎಂಜಿನ್, ಗಾಳಿಯೊಂದಿಗೆ ಒಳಹೊಕ್ಕ ಧೂಳು ಮತ್ತು ನಿಯಂತ್ರಣ ತಪ್ಪಿ ಓಡುವ ವಾಹನ.

ಎಂಜಿನ್ನಿನ ಸ್ವಭಾವ

ಈ ಟ್ರಕ್‌ಗಳಲ್ಲಿರುವುದು ಸಣ್ಣ ಎರಡು-ಸ್ಟ್ರೋಕ್ ಎಂಜಿನ್. ಗಾತ್ರವನ್ನು ಘನ ಇಂಚಿನಲ್ಲಿ ಹೇಳುವುದು ರೂಢಿ; .15 ಎಂದರೆ ಸುಮಾರು 2.5 ಸಿಸಿ, .21 ಎಂದರೆ ಸುಮಾರು 3.5 ಸಿಸಿ. ಇದರಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿಯನ್ನು ಬ್ಯಾಟರಿಯಿಂದ ಕೆಂಪಗೆ ಕಾಯಿಸಿ ಎಂಜಿನ್ನನ್ನು ಚಾಲೂ ಮಾಡಲಾಗುತ್ತದೆ. ಬಳಿಕ ಬ್ಯಾಟರಿ ತೆಗೆದರೂ ದಹನದ ಶಾಖ ಹಾಗೂ ಪ್ಲಾಟಿನಂ-ಮೆಥನಾಲ್ ನಡುವಿನ ವೇಗವರ್ಧಕ ಕ್ರಿಯೆಯಿಂದ ಸುರುಳಿ ಕಾದೇ ಇರುತ್ತದೆ.

ಎಂಜಿನ್ನಿಗೆ ಪ್ರತ್ಯೇಕ ಎಣ್ಣೆ ತೊಟ್ಟಿಯಿಲ್ಲ. ಕೀಲೆಣ್ಣೆ ಇಂಧನದಲ್ಲೇ ಬೆರೆತು ಬರುತ್ತದೆ. ಆದುದರಿಂದ ಕಾರ್ಬ್ಯುರೇಟರ್‌ನ ಸೂಜಿಯನ್ನು ಪ್ರದಕ್ಷಿಣವಾಗಿ ತಿರುಗಿಸಿ ಇಂಧನವನ್ನು ಕಡಿಮೆ ಮಾಡಿದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ಟ್ರಕ್ ಸ್ವಲ್ಪ ಹೊತ್ತು ಚುರುಕಾಗಿ ಓಡಿದಂತೆ ಕಂಡರೂ ಒಳಗೆ ಪಿಸ್ಟನ್ ಒಣಗಿ ಉಜ್ಜಲಾರಂಭಿಸುತ್ತದೆ. ಈ ‘ಲೀನ್’ ಸ್ಥಿತಿಯ ಅಪಾಯವಿರುವುದು ಅದು ಮೊದಲಿಗೆ ಹಿತವಾಗಿ ತೋರುವುದರಲ್ಲಿಯೇ. ಹವೆಯೂ ಇಲ್ಲಿ ಮುಖ್ಯ: ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ, ಬಿಸಿಲಿನ ಮಧ್ಯಾಹ್ನ ಹೊಂದಿಸಿದ ಸೂಜಿಯಲ್ಲೇ ಚಳಿಯ ಮುಂಜಾನೆ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ.

ಹೊಸ ಎಂಜಿನ್ನಿನಲ್ಲಿ ಸಿಲಿಂಡರ್ ಕೊಳವೆ ಮೇಲ್ತುದಿಯಲ್ಲಿ ತುಸು ಕಿರಿದಾಗಿದ್ದು ಪಿಸ್ಟನ್ನನ್ನು ಬಿಗಿಹಿಡಿದಿರುತ್ತದೆ. ಕಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಇವೆರಡೂ ಪರಸ್ಪರ ಹೊಂದಿಕೊಳ್ಳಲೆಂದು ಮೊದಲ ಕೆಲವು ಟ್ಯಾಂಕ್ ಇಂಧನವನ್ನು ಸಮೃದ್ಧ ಮಿಶ್ರಣದಲ್ಲಿ, ಪೂರ್ಣ ವೇಗಕ್ಕೆ ಹೋಗದೆ ಓಡಿಸಬೇಕು. ಆಗ ಹೊಗೆ ಧಾರಾಳವಾಗಿ ಬರುವುದು ಸಹಜ.

ಅಗತ್ಯ ಉಪಕರಣಗಳು

ಚಾಲೂ ಮಾಡಲು ಗ್ಲೋ ಪ್ಲಗ್ ಕಾಯಿಸುವ ಇಗ್ನೈಟರ್ ಮತ್ತು ಅದರ ಚಾರ್ಜರ್, ಉದ್ದ ಮೂತಿಯ ಇಂಧನ ಬಾಟಲಿ, ಪ್ಲಗ್ ಬಿಚ್ಚುವ ಸ್ಪ್ಯಾನರ್ ಹಾಗೂ ಒಂದೆರಡು ಹೆಚ್ಚುವರಿ ಪ್ಲಗ್‌ಗಳು ಬೇಕು. ಟಿ-ಮ್ಯಾಕ್ಸ್‌ನಂತಹ ಕೆಲವು ಮಾದರಿಗಳಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಸ್ಟಾರ್ಟರ್ ಒಂದೇ ಪ್ಲಗ್ ಕಾಯಿಸುವ ಕೆಲಸವನ್ನೂ ಮಾಡುತ್ತದೆ.

ಬಿಚ್ಚಿ ಜೋಡಿಸಲು 1.5, 2, 2.5 ಮತ್ತು 3 ಮಿ.ಮೀ. ಅಲೆನ್ ಡ್ರೈವರ್‌ಗಳು ಬಹುತೇಕ ಮೆಟ್ರಿಕ್ ಟ್ರಕ್‌ಗಳಿಗೆ ಸಾಕು. ಅಗ್ಗದ ಮೃದು ಉಕ್ಕಿನ ಅಲೆನ್ ಕೀಗಳು ಸ್ಕ್ರೂವಿನ ಷಟ್ಕೋನ ಕುಳಿಯನ್ನು ಸವೆಸಿ ದುಂಡಗಾಗಿಸುವುದರಿಂದ, ಉಳಿತಾಯ ಮಾಡಬಾರದ ಜಾಗ ಇದು. ಸೂಜಿ ತಿರುಗಿಸಲು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಚೂಪು ಮೂತಿಯ ಇಕ್ಕಳ, ಚಕ್ರದ ನಟ್‌ಗೆ ಹೊಂದುವ ಸ್ಪ್ಯಾನರ್ ಮತ್ತು ಮಣ್ಣು ಕೊಡವಲು ಹಳೆಯ ಹಲ್ಲುಜ್ಜುವ ಬ್ರಷ್ ಜೊತೆಗಿರಬೇಕು. ಎಂಜಿನ್ ಕಂಪನಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ಲೋಹಕ್ಕೆ ಲೋಹ ಸೇರುವೆಡೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕ್ ಅಂಟನ್ನು ಒಂದು ಹನಿ ಹಚ್ಚಲಾಗುತ್ತದೆ. ಪ್ಲಾಸ್ಟಿಕ್ಕಿಗೆ ಇದನ್ನು ಹಚ್ಚಬಾರದು.

ಮುಟ್ಟದೆಯೇ ಶಾಖ ಅಳೆಯುವ ಅವಕೆಂಪು ತಾಪಮಾಪಕ ಬಹಳ ಉಪಯುಕ್ತ. ಗ್ಲೋ ಪ್ಲಗ್‌ನ ಬುಡದಲ್ಲಿ ಅಳೆದಾಗ ಸಾಮಾನ್ಯವಾಗಿ 95ರಿಂದ 130 ಡಿಗ್ರಿ ಸೆಲ್ಸಿಯಸ್ ಇರಬೇಕು. ತಾಪಮಾಪಕವಿಲ್ಲದಿದ್ದರೆ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಬಹುದು: ಮೂರರಿಂದ ಐದು ಸೆಕೆಂಡಿನಲ್ಲಿ ಆವಿಯಾದರೆ ಸರಿ, ಬಿದ್ದ ಕ್ಷಣವೇ ಚುಂಯ್ ಎಂದು ಮಾಯವಾದರೆ ಅತಿ ಶಾಖ. ಸೂಜಿಯನ್ನು ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸುವುದು ಸಲ್ಲದು.

ಮೊದಲ ಮಾರ್ಪಾಡುಗಳು

ಮೊದಲನೆಯದು ಕಾರ್ಬ್ಯುರೇಟರ್‌ಗೆ ಥ್ರಾಟಲ್ ರಿಟರ್ನ್ ಸ್ಪ್ರಿಂಗ್. ವೇಗದಲ್ಲಿರುವಾಗ ರಿಸೀವರ್‌ನ ಬ್ಯಾಟರಿ ಸತ್ತರೆ ಸರ್ವೊ ಇದ್ದಲ್ಲೇ ನಿಂತುಬಿಡುತ್ತದೆ, ಟ್ರಕ್ ಇಂಧನ ಮುಗಿಯುವವರೆಗೆ ಇಲ್ಲವೇ ಯಾವುದಕ್ಕಾದರೂ ಡಿಕ್ಕಿ ಹೊಡೆಯುವವರೆಗೆ ಓಡುತ್ತದೆ. ಹಲವು ಕಿಲೋಗ್ರಾಂ ತೂಕದ ವಾಹನ ಜನರ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ಸ್ಪ್ರಿಂಗ್ ಇದ್ದಲ್ಲಿ ವಿದ್ಯುತ್ತಿಲ್ಲದೆಯೂ ಕಾರ್ಬ್ಯುರೇಟರ್ ಮುಚ್ಚಿಕೊಳ್ಳುತ್ತದೆ. ಇದರೊಂದಿಗೆ ಫೇಲ್‌ಸೇಫ್ ಸಾಧನವೂ ಬೇಕು. ಸಂಕೇತ ತಪ್ಪಿದಾಗ ಅದು ಸರ್ವೊವನ್ನು ಬ್ರೇಕಿನ ಸ್ಥಾನಕ್ಕೆ ಒಯ್ಯುತ್ತದೆ. 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಅನೇಕವು ಇದನ್ನು ಒಳಗೊಂಡಿದ್ದರೂ ಬಳಕೆದಾರ ಅದನ್ನು ಹೊಂದಿಸಬೇಕಾಗಬಹುದು. ಎಂಜಿನ್ ಆರಿಸಿ, ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಟ್ರಾನ್ಸ್‌ಮಿಟರ್ ಬಂದ್ ಮಾಡಿ ಪರೀಕ್ಷಿಸುವುದು ಕ್ರಮ. ಸರ್ವೊ ಕೆಲಸ ನಿಲ್ಲಿಸಿದರೂ ಓಡುತ್ತಿರುವ ಎಂಜಿನ್ನನ್ನು ಇಂಧನ ಕೊಳವೆ ಹಿಸುಕಿ ಅಥವಾ ಹೊಗೆಕೊಳವೆಯ ತುದಿಯನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಆರಿಸಬಹುದು.

ಎರಡನೆಯದು ರಿಸೀವರ್‌ಗೆ ಪುನರ್ಭರ್ತಿಯ ಐದು ಕೋಶಗಳ 6 ವೋಲ್ಟ್ ಬ್ಯಾಟರಿ ಕಟ್ಟು. ನಾಲ್ಕು ಎಎ ಕೋಶಗಳ ಡಬ್ಬಿಯಲ್ಲಿ ಕುಲುಕಾಟಕ್ಕೆ ಸಂಪರ್ಕ ತಪ್ಪುವ ಸಂಭವವಿದೆ. ಬೆಸುಗೆ ಹಾಕಿದ ಕಟ್ಟಿನಲ್ಲಿ ಆ ತೊಂದರೆಯಿಲ್ಲ.

ಗಾಳಿ ಶೋಧಕಕ್ಕೆ ಖರ್ಚು ಅತ್ಯಲ್ಪ. ಸ್ಪಂಜನ್ನು ತೊಳೆದು, ಒಣಗಿಸಿ, ಶೋಧಕ ಎಣ್ಣೆಯಲ್ಲಿ ನೆನೆಸಿ ಹಿಂಡಿ ಹಾಕಬೇಕು. ಒಣ ಸ್ಪಂಜು ಸಣ್ಣ ಧೂಳನ್ನು ತಡೆಯುವುದಿಲ್ಲ, ಧೂಳು ಒಳಹೊಕ್ಕರೆ ಕೊಳವೆ ಕೆಲವೇ ಟ್ಯಾಂಕುಗಳಲ್ಲಿ ಸವೆಯುತ್ತದೆ.

ಬಳಿಕ ಕ್ಲಚ್ ಬೆಲ್‌ನ ಬೇರಿಂಗ್‌ಗಳು ಬರುತ್ತವೆ. ಶಾಖ ಮತ್ತು ಧೂಳಿನ ನಡುವೆ ತಿರುಗುವ ಇವು ಬೇಗ ಕೆಡುತ್ತವೆ. ದೊಡ್ಡ ಟಯರುಗಳನ್ನು ತಿರುಗಿಸಲು ಬಲ ಸಾಲದಿದ್ದರೆ ಲೋಹದ ಗೇರಿನ ಸ್ಟಿಯರಿಂಗ್ ಸರ್ವೊ ಹಾಕಿಸಬಹುದು. ಅಲ್ಯೂಮಿನಿಯಂ ತೋಳುಗಳು ಕಡೆಗಿರಲಿ. ಪ್ಲಾಸ್ಟಿಕ್ ತೋಳು ಬಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ, ಗಡುಸಾದ ಲೋಹ ಅದೇ ಪೆಟ್ಟನ್ನು ಇನ್ನೂ ದುಬಾರಿಯಾದ ಚಾಸಿಗೆ ದಾಟಿಸುತ್ತದೆ.

ಇಂಧನದ ಎಚ್ಚರಿಕೆ ಮತ್ತು ಶೇಖರಣೆ

ಮೆಥನಾಲ್ ವಿಷಕಾರಿ. ಚರ್ಮದ ಮೂಲಕವೂ ದೇಹ ಸೇರುತ್ತದೆ, ಸೇವಿಸಿದರೆ ಕುರುಡುತನ ಮತ್ತು ಸಾವು ಸಂಭವಿಸಬಹುದು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸದಷ್ಟು ಮಸುಕು. ಹೀಗಾಗಿ ಇಂಧನ ತುಂಬುವುದೂ ಎಂಜಿನ್ ಓಡಿಸುವುದೂ ಬಯಲಿನಲ್ಲೇ ಆಗಬೇಕು, ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಮೆಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಮುಚ್ಚಳ ಸದಾ ಬಿಗಿಯಾಗಿರಬೇಕು.

ದಿನದ ಓಟ ಮುಗಿದ ಮೇಲೆ ಟ್ಯಾಂಕ್ ಬರಿದುಮಾಡಿ, ಉಳಿದ ಇಂಧನ ಸುಡುವವರೆಗೆ ಎಂಜಿನ್ ಓಡಿಸಿ, ಪ್ಲಗ್ ಬಿಚ್ಚಿ ಕೆಲವು ಹನಿ ಆಫ್ಟರ್-ರನ್ ಎಣ್ಣೆ ಬಿಡಲಾಗುತ್ತದೆ. ಇದು ಬೇರಿಂಗ್‌ಗಳಿಗೆ ತುಕ್ಕು ಹಿಡಿಯದಂತೆ ತಡೆಯುತ್ತದೆ. ಎಂಜಿನ್ ಬಿಸಿಯಾಗಿರುವಾಗಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳತುದಿಗೆ ತಂದು ನಿಲ್ಲಿಸಿದರೆ, ತಣಿದು ಕುಗ್ಗುವ ಕೊಳವೆಯ ಮೇಲ್ತುದಿಯಲ್ಲಿ ಅದು ಸಿಕ್ಕಿಕೊಳ್ಳುವುದಿಲ್ಲ.