ಮಾಸ್ತರಾಗುವವರಿಗೆ ರೊಕ್ಕದ ಆಸರೆ : ಅದು ಬಂದ ದಾರಿ



ನಮ್ಮ ಸಂಘ 25 ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಬೀಜ, ಗೊಬ್ಬರ, ಬೆಳೆಸಾಲದ ವಿಚಾರ ಬಲ್ಲವರು ಬರೆದೇ ಬರೆಯುತ್ತಾರೆ. ನಾವು ಇನ್ನೊಂದು ಬಗೆಯ ಸಾಲದ ಇತಿಹಾಸ ಹೇಳಬೇಕೆಂದಿದ್ದೇವೆ. ಸರ್ಕಾರಿ ಸಾಲಿಯ ಮಾಸ್ತರಾಗಲು ತರಬೇತಿ ಪಡೆಯುವ ಹುಡುಗ ಹುಡುಗಿಯರಿಗೆ ಕೊಟ್ಟ ಧನಸಹಾಯದ ಇತಿಹಾಸವದು. ತರಬೇತಿ ಮುಗಿಯುವ ತನಕ ಮನೆಗೆ ಅವರ ದುಡಿಮೆ ಇಲ್ಲ. ಮೇಲೆ ಫೀ, ಊಟ, ಪುಸ್ತಕದ ಖರ್ಚು. ಬಡವರ ಮನೆಯ ಜಾಣ ಮಕ್ಕಳು ಇಲ್ಲಿಯೇ ನಿಂತುಬಿಡುತ್ತಾರೆ. ಈ ತೊಡಕು ಹಳೆಯದು.

ಇಂಗ್ಲೆಂಡಿನಲ್ಲಿ 1846ರಲ್ಲಿ ಕೇ-ಶಟಲ್‌ವರ್ತ್ ಎಂಬ ಅಧಿಕಾರಿಯ ಮುಂದಾಳತನದಲ್ಲಿ ಒಂದು ಪದ್ಧತಿ ಬಂತು. 13 ವರ್ಷ ತುಂಬಿದ ಜಾಣ ಮಕ್ಕಳನ್ನು ಐದು ವರ್ಷ ಮಾಸ್ತರರ ಕೈಕೆಳಗೆ ಕಲಿಯಲು ಇಡುವುದು. ಮೊದಲ ವರ್ಷ 10 ಪೌಂಡ್, ಐದನೇ ವರ್ಷಕ್ಕೆ 20 ಪೌಂಡ್ ಸರ್ಕಾರವೇ ಕೊಡುವುದು. ಕಲಿಸುವ ಮಾಸ್ತರರಿಗೂ ಬೇರೆ ಸಂಭಾವನೆ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ ಪರೀಕ್ಷೆ. ಗೆದ್ದವರಿಗೆ ಟ್ರೇನಿಂಗ್ ಕಾಲೇಜಿಗೆ ಹೋಗಲು ರಾಣಿಯ ಹೆಸರಿನ ವಿದ್ಯಾರ್ಥಿವೇತನ. ಕೂಲಿಕಾರರ ಮಕ್ಕಳೂ ಮಾಸ್ತರಾದರು. ಆದರೆ 1862ರಲ್ಲಿ ಖರ್ಚು ಉಳಿಸಬೇಕೆಂದು ಸರ್ಕಾರ ನೇರವಾಗಿ ಕೊಡುವುದನ್ನು ನಿಲ್ಲಿಸಿತು. ಸಾಲಿಯ ಆಡಳಿತದವರು ಎಷ್ಟು ಕೊಟ್ಟರೆ ಅಷ್ಟು ಅಂತಾಯಿತು. ಕೆಲವೇ ವರ್ಷಗಳಲ್ಲಿ ಮಾಸ್ತರಾಗಲು ಬರುವವರ ಸಂಖ್ಯೆ ಇಳಿಯಿತು. ನೀರು ಬಿಟ್ಟರೆ ತಾನೇ ಬೆಳೆ!

ಅಷ್ಟರಲ್ಲಿ ಈ ವಿಚಾರ ನಮ್ಮ ದೇಶಕ್ಕೂ ಬಂದಾಗಿತ್ತು. 1854ರ ಚಾರ್ಲ್ಸ್ ವುಡ್‌ರ ಶಿಕ್ಷಣ ಪತ್ರದಲ್ಲಿ ಇಂಗ್ಲೆಂಡಿನ ಇದೇ ಪದ್ಧತಿಯನ್ನು ಎತ್ತಿ ಹೇಳಿದೆ. ಮಾಸ್ತರಿಕೆ ಕಲಿಯುವವರಿಗೆ ವೇತನ, ಅವರಿಗಾಗಿ ನಾರ್ಮಲ್ ಸ್ಕೂಲು, ಮುಗಿಸಿದವರಿಗೆ ಸರ್ಟಿಫಿಕೇಟು, ಕೆಲಸಕ್ಕೆ ಸೇರಿದ ಮೇಲೆ ಸಾಕಷ್ಟು ಸಂಬಳ ಅಂತ ಅದರಲ್ಲಿದೆ. ನಮ್ಮ ಧಾರವಾಡ ಕಡೆ ಡೆಪ್ಯುಟಿ ಚನ್ನಬಸಪ್ಪನವರಂಥ ಹಿರಿಯರು ಕನ್ನಡ ಮಾಸ್ತರರನ್ನು ತಯಾರು ಮಾಡಿದ ಕಾಲವೂ ಅದರ ಬೆನ್ನಿಗೇ ಬಂತು.

ಇನ್ನು ಅಮೆರಿಕದ ಮಾತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದವರಿಗೆ ತಮ್ಮ ಸಾಲಿಗಳ ಚಿಂತೆ ಹತ್ತಿತು. 1958ರ ಕಾಯ್ದೆಯಂತೆ ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 1000 ಡಾಲರ್‌ವರೆಗೆ ಕಡಿಮೆ ಬಡ್ಡಿಯ ಸಾಲ ಸಿಕ್ಕಿತು. ಸಾಲ ಪಡೆದವರು ಸರ್ಕಾರಿ ಸಾಲಿಯಲ್ಲಿ ಮಾಸ್ತರಾದರೆ ವರ್ಷಕ್ಕೆ ಶೇಕಡಾ 10ರಂತೆ ಐದು ವರ್ಷದಲ್ಲಿ ಅರ್ಧ ಸಾಲ ಮನ್ನಾ. 4000 ಡಾಲರ್ ಪಡೆದವರು 2000 ಕಟ್ಟಿದರೆ ಸಾಕು. ಉಳಿದದ್ದನ್ನು ಮಕ್ಕಳಿಗೆ ಕಲಿಸಿ ತೀರಿಸಿದಂತೆ.

2007ರಲ್ಲಿ ಅದೇ ದೇಶ 'ಟೀಚ್' ಎಂಬ ಅನುದಾನ ತಂದಿತು. ವರ್ಷಕ್ಕೆ 4000 ಡಾಲರ್‌ವರೆಗೆ. ಓದು ಮುಗಿಸಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡಮಕ್ಕಳ ಸಾಲಿಯಲ್ಲಿ, ಗಣಿತ-ವಿಜ್ಞಾನದಂಥ ಮಾಸ್ತರರ ಕೊರತೆ ಇರುವ ವಿಷಯ ಕಲಿಸಬೇಕು. ತಪ್ಪಿದರೆ ಅನುದಾನವೇ ಸಾಲವಾಗಿ, ಕೊಟ್ಟ ದಿನದಿಂದ ಬಡ್ಡಿ! ಷರತ್ತೇನೋ ನ್ಯಾಯವೇ. ಆದರೆ ಪ್ರತಿವರ್ಷ ಕಳಿಸಬೇಕಾದ ಕಾಗದ ತಡವಾಯಿತೆಂಬ ಒಂದೇ ಕಾರಣಕ್ಕೆ, ನಿಯತ್ತಿನಿಂದ ಕಲಿಸುತ್ತಿದ್ದ ಎಷ್ಟೋ ಮಾಸ್ತರರ ತಲೆಯ ಮೇಲೆ ಸಾಲ ಬಿತ್ತು. 2018ರಲ್ಲಿ ಇದು ದೊಡ್ಡ ಸುದ್ದಿಯಾಗಿ, 2019ರಿಂದ ಅಂಥವರ ಅರ್ಜಿ ತಿರುಗಿ ನೋಡಿದರು; 2021ರಲ್ಲಿ ನಿಯಮವನ್ನೂ ಸಡಿಲಿಸಿದರು.

ಸಾಲದ ವ್ಯವಹಾರ ಬಲ್ಲ ನಮಗೆ ಇದರಿಂದ ತಿಳಿಯುವುದಿಷ್ಟು. ಮಾಸ್ತರಾಗುವವರಿಗೆ ಕೊಟ್ಟ ರೊಕ್ಕ ದಾನವಲ್ಲ, ಅದು ಊರ ಮಕ್ಕಳ ಮೂಲಕ ವಸೂಲಾಗುವ ಸಾಲ. ಕೊಡುವುದನ್ನು ನಡುವೆ ನಿಲ್ಲಿಸಿದರೆ ಮಾಸ್ತರರು ಸಿಗುವುದಿಲ್ಲ. ಷರತ್ತು ಇರಲಿ, ಆದರೆ ಕೆಲಸ ನೋಡಬೇಕು, ಬರೀ ಕಾಗದ ನೋಡಬಾರದು.

ಆದ್ದರಿಂದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಕಾಯ್ದೆಗೆ ಒಳಪಟ್ಟು, ವರ್ಷದ ಲಾಭದಲ್ಲಿ ಒಂದಿಷ್ಟು ತೆಗೆದಿಟ್ಟು, ಮಾಸ್ತರಿಕೆ ಕಲಿಯುವ ಸದಸ್ಯರ ಒಬ್ಬ ಮಗ ಅಥವಾ ಮಗಳಿಗೆ ಸಂಘ ಆಸರೆಯಾಗಬಹುದೇ? ಬರುವ ಸರ್ವಸಾಧಾರಣ ಸಭೆಯಲ್ಲಿ ಎಲ್ಲರೂ ಕೂಡಿ ವಿಚಾರ ಮಾಡೋಣ. ಹನಿ ಹನಿ ಕೂಡಿದರೆ ಹಳ್ಳ ಅಂತ ನಂಬಿ ನಡೆದ ಸಂಘ ನಮ್ಮದು.

ಜೈ ಸಹಕಾರ.