ಶಿವನಸಮುದ್ರದಿಂದ ಕೋಲಾರಕ್ಕೆ: ಒಂದು ಗುಣಾಕಾರದ ಕಥೆ

ಕಾವೇರಿ ಧುಮುಕುವುದು ಶಿವನಸಮುದ್ರದಲ್ಲಿ. ಚಿನ್ನದ ಗಣಿಗಳಿದ್ದುದು ಕೋಲಾರದಲ್ಲಿ. ನಡುವಿನ ದಾರಿ ಸುಮಾರು 147 ಕಿಲೋಮೀಟರ್. 1902ರ ಜೂನ್‌ನಲ್ಲಿ ತಂತಿಗಳು ಈ ಎರಡು ಸ್ಥಳಗಳನ್ನು ಬೆಸೆದವು. ಹೊಳೆಯ ರಭಸ ಅಷ್ಟು ದೂರದ ಗಣಿಯ ಯಂತ್ರಗಳನ್ನು ತಿರುಗಿಸತೊಡಗಿತು.

ಅಲ್ಲಿಯವರೆಗೆ ಗಣಿಗಳು ನಡೆಯುತ್ತಿದ್ದುದು ಉಗಿಯಂತ್ರಗಳಿಂದ. ಅವುಗಳಿಗೆ ಬೇಕಾದ ಕಲ್ಲಿದ್ದಲು ದುಬಾರಿಯಾಗಿತ್ತು. ಮೈಸೂರು ಸಂಸ್ಥಾನದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಜಲವಿದ್ಯುತ್ತಿನ ಯೋಜನೆಯನ್ನು ಮುಂದಿಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಬೆಂಬಲಿಸಿದರು. ಪ್ರಶ್ನೆ ಇದ್ದುದು ಒಂದೇ: ಅಷ್ಟು ದೂರ ಸಾಗುವಾಗ ವಿದ್ಯುತ್ತು ದಾರಿಯಲ್ಲೇ ಕರಗಿಹೋಗದೆ?

ಈ ಪ್ರಶ್ನೆಗೆ ಉತ್ತರ ಹೈಸ್ಕೂಲಿನ ಪಾಠದಲ್ಲೇ ಇದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಿಗುವುದು ವಾಟ್, ಅಂದರೆ ವಿದ್ಯುತ್ತಿನ ಸಾಮರ್ಥ್ಯ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಸಿಗುವುದು ತಂತಿಯ ರೋಧ. ಎರಡನೆಯ ಲೆಕ್ಕವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದವನು ಜರ್ಮನಿಯ ಶಾಲಾ ಮಾಸ್ತರ ಜಾರ್ಜ್ ಸೈಮನ್ ಓಮ್. ರೋಧವನ್ನು ಅಳೆಯುವ ಮಾನಕ್ಕೆ ಇಂದು ಅವನದೇ ಹೆಸರು.

ಒಂದು ಸರಳ ಉದಾಹರಣೆ ನೋಡೋಣ. 35 ಲಕ್ಷ ವಾಟ್ ಕಳಿಸಬೇಕು, ತಂತಿಯ ಒಟ್ಟು ರೋಧ 50 ಓಮ್ ಎಂದಿಟ್ಟುಕೊಳ್ಳೋಣ. 350 ವೋಲ್ಟಿನಲ್ಲಿ ಕಳಿಸುವುದಾದರೆ ಬೇಕಾದ ಪ್ರವಾಹ 10,000 ಆಂಪಿಯರ್. ಅಷ್ಟನ್ನು ಆ ತಂತಿಯಲ್ಲಿ ನೂಕಲು ಓಮನ ನಿಯಮದಂತೆ 5 ಲಕ್ಷ ವೋಲ್ಟ್ ಬೇಕು. ನಮ್ಮ ಕೈಯಲ್ಲಿರುವುದು ಬರೀ 350! ಕೆಲಸ ಆಗದ ಮಾತು.

ಅದೇ ಸಾಮರ್ಥ್ಯವನ್ನು 35,000 ವೋಲ್ಟಿಗೆ ಏರಿಸಿದರೆ ಪ್ರವಾಹ 100 ಆಂಪಿಯರಿಗೆ ಇಳಿಯುತ್ತದೆ. ದಾರಿಯಲ್ಲಿ ಕಳೆಯುವುದು 5,000 ವೋಲ್ಟ್. ಅಂದರೆ ನಷ್ಟ 5 ಲಕ್ಷ ವಾಟ್, ಏಳರಲ್ಲಿ ಒಂದು ಪಾಲು. ಉಳಿದ 30 ಲಕ್ಷ ಗಣಿ ತಲುಪುತ್ತದೆ. ಪ್ರವಾಹ ಅರ್ಧಕ್ಕಿಳಿದರೆ ಅದೇ ತಂತಿಯಲ್ಲಿ ನಷ್ಟ ಕಾಲು ಭಾಗಕ್ಕಿಳಿಯುತ್ತದೆ ಎಂಬುದೇ ಇದರ ಗುಟ್ಟು. ಮೂರು ತಂತಿಗಳ ಪರ್ಯಾಯ ವಿದ್ಯುತ್ತಿನಲ್ಲಿ ಲೆಕ್ಕ ತುಸು ಬೇರೆಯಾದರೂ ತತ್ವ ಇದೇ.

ಶಿವನಸಮುದ್ರದ ಎಂಜಿನಿಯರುಗಳು ಆರಿಸಿಕೊಂಡದ್ದೂ ಸುಮಾರು 35,000 ವೋಲ್ಟನ್ನೇ. ಟ್ರಾನ್ಸ್‌ಫಾರ್ಮರುಗಳು ಒಂದು ತುದಿಯಲ್ಲಿ ವೋಲ್ಟೇಜನ್ನು ಏರಿಸಿದವು, ಇನ್ನೊಂದು ತುದಿಯಲ್ಲಿ ಇಳಿಸಿದವು. ಆ ಕಾಲಕ್ಕೆ ಇದು ಸಾಹಸವೇ ಸರಿ. ವೋಲ್ಟೇಜ್ ಏರಿದಷ್ಟೂ ವಿದ್ಯುತ್ತು ಕಂಬಕ್ಕೆ ಸೋರುವ ಭಯ ಹೆಚ್ಚು. ಅದನ್ನು ತಡೆಯುವ ಇನ್ಸುಲೇಟರುಗಳ ಮೇಲೆಯೇ ಎಲ್ಲವೂ ನಿಂತಿತ್ತು.

ಯೋಜನೆ ಫಲಿಸಿದ್ದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿಯಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಕಾವೇರಿಯ ಮೊದಲ ವಿದ್ಯುತ್ತು ಹೋದದ್ದು ಬ್ರಿಟಿಷ್ ಕಂಪನಿಗಳ ಗಣಿಗಳಿಗೆ, ಸಂಸ್ಥಾನದ ಜನರ ಮನೆಗಳಿಗಲ್ಲ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು 1905ರಲ್ಲಿ. ತಂತಿಯ ಹಾದಿಯ ಹಳ್ಳಿಗಳ ಬಹುಪಾಲು ಮನೆಗಳಲ್ಲಿ ಅದರ ನಂತರವೂ ಬಹುಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿಯಾಗಿತ್ತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿಗೆ ವಿದ್ಯುತ್ತು ಒಯ್ದ ಆ ಲೆಕ್ಕ ಮಾತ್ರ ಹಳತಾಗಿಲ್ಲ. ಇಂದು ನಾಲ್ಕು ಲಕ್ಷ ವೋಲ್ಟಿನ ತಂತಿಗಳು ಹೊಲಗಳ ಮೇಲೆ ಹಾದುಹೋಗುವುದೂ ಅದೇ ಕಾರಣಕ್ಕೆ.